ಯಜಮಾನನ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರು: ಈಡನ್‌ಟನ್ ಎಂಬ ಊರು ದಲಿತ ವಿಮರ್ಶೆಗೆ ಹೇಳುವುದೇನು?

1

ದಲಿತ ಸಾಹಿತ್ಯದ ಚರ್ಚೆಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು: ದಲಿತರಿಗೆ ಬರೆದಿಟ್ಟ ಚರಿತ್ರೆಯಿಲ್ಲ, ಇರುವುದೆಲ್ಲ ನೆನಪು, ಹಾಡು, ಕಥೆ. ಎರಡು: ದಲಿತ ಆತ್ಮಕಥನಗಳಲ್ಲಿ ಬರುವುದನ್ನೆಲ್ಲ ನಿಜವೆಂದು ಹೇಗೆ ನಂಬುವುದು, ಅಲ್ಪಸ್ವಲ್ಪ ಉತ್ಪ್ರೇಕ್ಷೆ ಇದ್ದೇ ಇರುತ್ತದಲ್ಲ? ಮೊದಲನೆಯದನ್ನು ನಮ್ಮವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ವಿಚಾರಸಂಕಿರಣಗಳಲ್ಲಿ ಬಹಳ ವಿನಯದಿಂದ ಕೇಳುತ್ತಾರೆ. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಮೊದಲನೆಯದನ್ನು ಒಪ್ಪಿಕೊಂಡವರಿಗೆ ಎರಡನೆಯದಕ್ಕೆ ಉತ್ತರ ಕೊಡುವ ದಾರಿಯೇ ಮುಚ್ಚಿಹೋಗುತ್ತದೆ. ಬರೆದಿಟ್ಟದ್ದು ಏನೂ ಇಲ್ಲ ಅಂದಮೇಲೆ ಸಾಕ್ಷಿ ಎಲ್ಲಿಂದ ತರೋದು?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದವರು ಅಮೆರಿಕದ ಕಪ್ಪು ಜನ. ಅವರೊಂದಿಗಿನ ನಮ್ಮ ನಂಟು ಹೊಸದಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಬಗ್ಗೆ ವಿಚಾರಿಸಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ಕಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಅವರ ಸಿಟ್ಟು, ಅವರ ಕಾವ್ಯ, ಅವರ ಘೋಷಣೆ ನಮ್ಮವರೆಗೆ ಬಂದವು. ಬಾರದೆ ಉಳಿದದ್ದು ಅವರ ಇನ್ನೊಂದು ಕೆಲಸ. ಅದು ಸದ್ದಿಲ್ಲದ ಕೆಲಸ. ಸಣ್ಣ ಊರುಗಳ ಕೋರ್ಟು ಕಚೇರಿಗೆ ಹೋಗಿ, ಗುಲಾಮರನ್ನು ಇಟ್ಟುಕೊಂಡಿದ್ದವರ ಉಯಿಲು, ಮಾರಾಟಪತ್ರ, ಲೆಕ್ಕದ ಪುಸ್ತಕಗಳ ದೂಳು ಕೊಡವಿ ತಮ್ಮ ಅಜ್ಜಿ ಮುತ್ತಜ್ಜಿಯರ ಹೆಸರು ಹುಡುಕುವ ಕೆಲಸ. ಇದನ್ನು ಬರೀ ವಂಶಾವಳಿಯ ಹವ್ಯಾಸ ಅಂತ ತಳ್ಳಿಹಾಕುವಂತಿಲ್ಲ. ಇದು ವಿಮರ್ಶೆಯ ಕೆಲಸವೇ ಎಂದು ನಾನು ತಿಳಿದಿದ್ದೇನೆ. ಹೇಗೆ ಅನ್ನುವುದನ್ನು ಒಂದು ಊರನ್ನು ಇಟ್ಟುಕೊಂಡು ವಿವರಿಸಲು ಇಲ್ಲಿ ಪ್ರಯತ್ನಿಸುತ್ತೇನೆ.

2

ಆ ಊರಿನ ಹೆಸರು ಈಡನ್‌ಟನ್. ಅಮೆರಿಕದವರು ‘ದಕ್ಷಿಣ’ ಅಂದರೆ ಬರೀ ದಿಕ್ಕಲ್ಲ. 1865ರವರೆಗೆ ಗುಲಾಮಗಿರಿ ಕಾನೂನುಬದ್ಧವಾಗಿದ್ದ ಸೀಮೆ. ಆ ದಕ್ಷಿಣದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ಸಮುದ್ರದ ಹಿನ್ನೀರಿನ ದಂಡೆಯಲ್ಲಿ ಈ ಊರಿದೆ. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 4,500. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ಆದರೆ ಊರಿಗೆ ತನ್ನ ಚರಿತ್ರೆಯ ಬಗ್ಗೆ ಬಹಳ ಅಭಿಮಾನ. ಹದಿನೆಂಟನೆಯ ಶತಮಾನದಲ್ಲಿ ಕೆಲವು ಕಾಲ ಇದು ಆ ವಸಾಹತಿನ ರಾಜಧಾನಿಯಾಗಿತ್ತು. 1767ರಲ್ಲಿ ಕಟ್ಟಿದ ಇಟ್ಟಿಗೆಯ ಕೋರ್ಟು ಕಟ್ಟಡ ಇನ್ನೂ ಇದೆ. 1774ರ ಅಕ್ಟೋಬರಿನಲ್ಲಿ ಇಲ್ಲಿನ 51 ಜನ ಹೆಂಗಸರು ಬ್ರಿಟಿಷರ ಚಹಾ ಮತ್ತು ಬಟ್ಟೆ ಬೇಡವೆಂಬ ನಿರ್ಣಯಕ್ಕೆ ಸಹಿ ಹಾಕಿದರು. ಅದರ ನೆನಪಿಗೆ ಊರ ನಡುವೆ ಕಂಚಿನ ಚಹಾ ಕುಡಿಕೆಯ ಸ್ಮಾರಕವಿದೆ.

ಆ 51 ಹೆಂಗಸರ ಹೆಸರುಗಳು ಉಳಿದಿವೆ. ಆದರೆ ಆ ಮನೆಗಳಲ್ಲಿ ಚಹಾ ಕಾಯಿಸಿ ಲೋಟ ತೊಳೆದವರು ಯಾರು? ಅವರಿಗೂ ಒಂದೊಂದು ಹೆಸರಿತ್ತಲ್ಲ? ಊರಿನ ಚರಿತ್ರೆ ಅಂತ ಕರೆಯುವುದು ಇಲ್ಲಿ ಸಹಿ ಹಾಕಬಲ್ಲವರ ಚರಿತ್ರೆ. ಯಾವ ಊರಲ್ಲೂ ಹೀಗೇ. ನಮ್ಮ ತಾಲೂಕುಗಳಲ್ಲಿ ಅಚ್ಚಾದ ‘ನಮ್ಮೂರ ಇತಿಹಾಸ’ ಎಂಬ ಪುಸ್ತಕಗಳನ್ನು ತೆಗೆದು ನೋಡಿ. ಪಾಳೇಗಾರ, ದೇವಸ್ಥಾನ, ಅಗ್ರಹಾರ, ಮಠ, ದಾನಿಗಳ ಪಟ್ಟಿ. ಕೇರಿಗೆ ಒಂದು ಸಾಲು, ಅದೂ ಜಾತ್ರೆಯ ದಿನ ಯಾರು ತಮಟೆ ಬಡಿಯುತ್ತಾರೆ ಅನ್ನುವಲ್ಲಿ.

ಈಡನ್‌ಟನ್ ಬಂದರು. ಅಂದರೆ ಹಡಗುಗಳು ಬರುವ ಜಾಗ. 1786ರಲ್ಲಿ ಕ್ಯಾಮ್ಡೆನ್ ಎಂಬ ಹಡಗು ಪಶ್ಚಿಮ ಆಫ್ರಿಕಾದಿಂದ ನೇರವಾಗಿ 80 ಜನರನ್ನು ತಂದು ಇಲ್ಲಿ ಇಳಿಸಿತು. ಊರಿನ ಸಿರಿವಂತ ವ್ಯಾಪಾರಿ ಜೋಸಾಯ ಕಾಲಿನ್ಸ್ ಮತ್ತು ಅವನ ಇಬ್ಬರು ಪಾಲುದಾರರಿಗೆ ಒಂದು ಯೋಜನೆ ಇತ್ತು. ಹಿನ್ನೀರಿನ ಆಚೆ ಫೆಲ್ಪ್ಸ್ ಎಂಬ ದೊಡ್ಡ ಸರೋವರ, ಸುತ್ತ ಜೌಗು ಕಾಡು. ಅಲ್ಲಿಂದ ಸ್ಕಪರ್ನಾಂಗ್ ನದಿಯವರೆಗೆ ಆರು ಮೈಲಿ ಕಾಲುವೆ ತೋಡಿದರೆ ಭತ್ತ ಬೆಳೆಯಬಹುದು. ಆ 80 ಜನರನ್ನು ತರಿಸಿದ್ದು ಈ ಕಾಲುವೆ ತೋಡಲಿಕ್ಕೆ. ಎದೆಮಟ್ಟದ ಕೆಸರಿನಲ್ಲಿ ನಿಂತು ಅವರು ತೋಡಿದರು, ಎಷ್ಟೋ ಜನ ಅಲ್ಲೇ ಸತ್ತರು. ರಾತ್ರಿ ತಮ್ಮ ನಾಡಿನ ಹಾಡು ಹೇಳುತ್ತಾ, ಗಂಟುಮೂಟೆ ಹೆಗಲಿಗೇರಿಸಿ, ಊರಿಗೆ ಹೊರಟೆವೆಂದು ನೀರಿಗಿಳಿದು ಮುಳುಗಿಹೋದವರಿದ್ದರು ಎಂಬ ಕಥನವೊಂದು ಆ ಸೀಮೆಯಲ್ಲಿ ಉಳಿದುಬಂದಿದೆ. ಹೀಗೆ ಹುಟ್ಟಿದ ಎಸ್ಟೇಟಿನ ಹೆಸರು ಸಾಮರ್ಸೆಟ್ ಪ್ಲೇಸ್. ಈಗಿನ ಕ್ರೆಸ್‌ವೆಲ್ ಎಂಬ ಪುಟ್ಟ ಊರಿನ ಹತ್ತಿರ ಅದು ಇದೆ. ಮುಂದೆ ಅಲ್ಲಿ ಭತ್ತ ಹೋಗಿ ಮೆಕ್ಕೆಜೋಳ ಬಂತು. ಕಾಲಿನ್ಸರ ಮೂರು ತಲೆಮಾರು ಅದನ್ನು ಆಳಿತು. 1865ರವರೆಗೆ ಅಲ್ಲಿ ದುಡಿದ ಗುಲಾಮರು 850ಕ್ಕೂ ಹೆಚ್ಚು.

3

ಈ 850 ಜನರ ಮೊಮ್ಮಕ್ಕಳು ಮರಿಮಕ್ಕಳು ತಮ್ಮ ಹಿರಿಯರನ್ನು ಹುಡುಕಬೇಕಾದರೆ ಏನು ಮಾಡಬೇಕು?

ಮೊದಲು ಸಿಗುವುದು ಜನಗಣತಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತಾ ಬಂದಿದೆ. 1850 ಮತ್ತು 1860ರಲ್ಲಿ ಗುಲಾಮರಿಗಾಗಿಯೇ ಬೇರೆ ಹಾಳೆಗಳಿದ್ದವು. ಆ ಹಾಳೆಯ ಎಡಕ್ಕೆ ಒಡೆಯನ ಹೆಸರು. ಅದರ ಕೆಳಗೆ ಸಾಲು ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಓಡಿಹೋಗಿದ್ದಾರಾ, ಕಿವುಡರಾ, ಕುರುಡರಾ ಅನ್ನುವುದಕ್ಕೂ ಕಲಮುಗಳಿವೆ. ಹೆಸರಿಗೆ ಇಲ್ಲ. ‘35, ಗಂಡು, ಕಪ್ಪು; 28, ಹೆಣ್ಣು, ಕಪ್ಪು; 4, ಹೆಣ್ಣು, ಕಪ್ಪು’, ಹೀಗೆ ಹೋಗುತ್ತದೆ. ಇವರು ಗಂಡ ಹೆಂಡತಿ ಮಗಳಾ, ಅಥವಾ ಮೂರು ಕಡೆಯಿಂದ ಕೊಂಡು ತಂದ ಮೂವರಾ, ಗೊತ್ತಾಗುವುದಿಲ್ಲ. 1860ರಲ್ಲಿ ಹೀಗೆ ಎಣಿಸಲ್ಪಟ್ಟವರು 39 ಲಕ್ಷಕ್ಕೂ ಹೆಚ್ಚು ಜನ. ಸ್ವಾತಂತ್ರ್ಯ ಬಂದ ಮೇಲೆ, 1870ರ ಗಣತಿಯಲ್ಲಿ, ಮೊದಲ ಸಲ ಇವರೆಲ್ಲರ ಹೆಸರು ಬರೆದುಕೊಂಡರು. ಆದ್ದರಿಂದ ಹಿಂದಕ್ಕೆ ಹುಡುಕುತ್ತಾ ಹೋದ ಕಪ್ಪು ಮನುಷ್ಯ 1870ಕ್ಕೆ ಬಂದು ನಿಂತುಬಿಡುತ್ತಾನೆ. ಹುಡುಕುವವರು ಇದನ್ನು ಗೋಡೆ ಅಂತಲೇ ಕರೆಯುತ್ತಾರೆ. ಗೋಡೆಯ ಈಚೆ ಮನುಷ್ಯರು, ಆಚೆ ಬರೀ ಸಂಖ್ಯೆ.

ಗೋಡೆಯಲ್ಲಿ ಬಿರುಕುಗಳಿವೆ. ಮೊದಲ ಬಿರುಕು ಸ್ವಾತಂತ್ರ್ಯದ ಮರುವರ್ಷಗಳದ್ದು. ಗುಲಾಮರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ. 1866ರಲ್ಲಿ ನಾರ್ತ್ ಕೆರೊಲಿನಾ ಒಂದು ಕಾಯ್ದೆ ಮಾಡಿತು: ಗುಲಾಮರಾಗಿದ್ದಾಗ ಕೂಡಿ ಬಾಳುತ್ತಿದ್ದ ದಂಪತಿಗಳು ಅಧಿಕಾರಿಯ ಮುಂದೆ ಬಂದು, ಎಷ್ಟು ವರ್ಷದಿಂದ ಬಾಳುತ್ತಿದ್ದೇವೆಂದು ಹೇಳಿ, 25 ಸೆಂಟು ಕಟ್ಟಿ ನೋಂದಾಯಿಸಬೇಕು. ಜನ ಸಾಲುಗಟ್ಟಿ ಬಂದರು. ಇಪ್ಪತ್ತು, ಮೂವತ್ತು ವರ್ಷ ಒಟ್ಟಿಗೆ ಬಾಳಿದ ಮುದುಕ ಮುದುಕಿಯರು ಕಾಸು ಕೊಟ್ಟು ತಮ್ಮ ದಾಂಪತ್ಯವನ್ನು ಕಾಗದದ ಮೇಲೆ ಬರೆಸಿದರು. ಉಳಿದಿರುವ ಆ ರಿಜಿಸ್ಟರುಗಳು ಈಗ ಗೋಡೆಯಾಚೆಗೆ ಹೋಗುವ ದಾರಿ.

ಎರಡನೆಯದು ಬ್ಯಾಂಕು. ಬಿಡುಗಡೆಯಾದವರ ಉಳಿತಾಯಕ್ಕಾಗಿ 1865ರಲ್ಲಿ ಒಂದು ಬ್ಯಾಂಕು ಶುರುವಾಯಿತು. ಸಹಿ ಬಾರದ ಖಾತೆದಾರರನ್ನು ಗುರುತಿಸಲು ಗುಮಾಸ್ತರು ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಹುಟ್ಟಿದ ಊರು, ಎಷ್ಟೋ ಸಲ ಹಳೆಯ ಒಡೆಯನ ಹೆಸರು ಎಲ್ಲವನ್ನೂ ಬರೆದುಕೊಂಡರು. 1874ರಲ್ಲಿ ಬ್ಯಾಂಕು ಮುಳುಗಿತು. ಬಡವರ ದುಡ್ಡು ಹೋಯಿತು. ರಿಜಿಸ್ಟರು ಉಳಿಯಿತು.

ಮೂರನೆಯದು ಪತ್ರಿಕೆಗಳಲ್ಲಿ ಬಂದ ಜಾಹೀರಾತು. ಮಾರಾಟದಲ್ಲಿ ಕೈತಪ್ಪಿದ ತಾಯಿಯನ್ನು, ಮಕ್ಕಳನ್ನು ಹುಡುಕಿ ಜನ ಬರೆಸಿದ ನೂರಾರು ಪ್ರಕಟಣೆಗಳಿವೆ. ನ್ಯೂ ಆರ್ಲಿಯನ್ಸಿನ ಒಂದು ಚರ್ಚ್ ಪತ್ರಿಕೆ ಇಂಥವನ್ನು ಅಚ್ಚುಹಾಕಿ, ಪಾದ್ರಿಗಳು ಚರ್ಚಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಕೋರುತ್ತಿತ್ತು. ಓದು ಬಾರದವರ ಕಿವಿಗೂ ಬೀಳಲಿ ಅಂತ. ಬರಹ ಬೇರೆ, ಮೌಖಿಕ ಬೇರೆ ಅಂತ ನಾವು ಗೆರೆ ಎಳೆಯುತ್ತೇವಲ್ಲ, ಆ ಗೆರೆ ಇಲ್ಲಿ ನಿಲ್ಲುವುದಿಲ್ಲ.

ಇವೆಲ್ಲ ಮುಗಿದ ಮೇಲೆ ಉಳಿಯುವುದು ಒಡೆಯನ ಮನೆಯ ಕಾಗದ. ಉಯಿಲು, ಸಾವಿನ ನಂತರದ ಆಸ್ತಿಪಟ್ಟಿ, ಸಾಲದ ಅಡಮಾನ, ಮಾರಾಟಪತ್ರ. ಇವುಗಳಲ್ಲಿ ಹೆಸರುಗಳು ಇವೆ, ಕುದುರೆ, ಮಂಚ, ಬೆಳ್ಳಿ ಚಮಚಗಳ ಜೊತೆಗೆ, ಪಕ್ಕದಲ್ಲಿ ಬೆಲೆ ಬರೆದು. ಗಣತಿಯ ಸರ್ಕಾರಕ್ಕೆ ಗುಲಾಮನ ಹೆಸರು ಬೇಕಿರಲಿಲ್ಲ. ಒಡೆಯನಿಗೆ ಬೇಕಿತ್ತು. ಯಾವ ಆಸ್ತಿ ಯಾರಿಗೆ ಅಂತ ಗೊತ್ತಾಗಬೇಕಲ್ಲ? ತನ್ನ ಮುತ್ತಜ್ಜಿಯನ್ನು ಅವಳ ಬೆಲೆಯ ಮೂಲಕವೇ ಕಂಡುಕೊಳ್ಳಬೇಕಾದ ಈ ಸಂಕಟವನ್ನು ಹುಡುಕುವವರೆಲ್ಲ ದಾಟಲೇಬೇಕು.

4

ಇಂಥ ಕಾಗದಗಳಿಗೂ ಸಾಹಿತ್ಯ ವಿಮರ್ಶೆಗೂ ಏನು ಸಂಬಂಧ? ಇಲ್ಲಿ ಹ್ಯಾರಿಯೆಟ್ ಜೇಕಬ್ಸ್ ಬರುತ್ತಾಳೆ.

ಹ್ಯಾರಿಯೆಟ್ ಹುಟ್ಟಿದ್ದು ಈಡನ್‌ಟನ್ನಿನಲ್ಲೇ, 1813ರಲ್ಲಿ, ಗುಲಾಮಳಾಗಿ. ಓದು ಕಲಿಸಿದ್ದ ಒಡತಿ 1825ರಲ್ಲಿ ಸಾಯುವಾಗ ಈಕೆಯನ್ನು ತನ್ನ ಸೋದರಿಯ ಪುಟ್ಟ ಮಗಳಿಗೆ ಉಯಿಲು ಬರೆದುಕೊಟ್ಟಳು. ಆ ಮಗುವಿನ ತಂದೆ ಜೇಮ್ಸ್ ನಾರ್ಕಮ್, ಊರಿನ ಡಾಕ್ಟರು. ಅವನ ಕಾಟ ತಡೆಯಲಾರದೆ ಹ್ಯಾರಿಯೆಟ್ 1835ರಲ್ಲಿ ತಲೆಮರೆಸಿಕೊಂಡಳು. ಎಲ್ಲಿ? ಅದೇ ಊರಿನಲ್ಲಿ, ಬಿಡುಗಡೆ ಪಡೆದಿದ್ದ ತನ್ನ ಅಜ್ಜಿಯ ಮನೆಯ ಸೂರಿನ ಸಂದಿನಲ್ಲಿ. ಒಂಬತ್ತು ಅಡಿ ಉದ್ದ, ಏಳಡಿ ಅಗಲ, ಎತ್ತರದ ಕಡೆಯಲ್ಲಿ ಮೂರೇ ಅಡಿ. ಅಲ್ಲಿ ಸುಮಾರು ಏಳು ವರ್ಷ ಇದ್ದು, ಕೆಳಗೆ ಆಡುವ ತನ್ನ ಮಕ್ಕಳನ್ನು ಹಲಗೆಯ ತೂತಿನಿಂದ ನೋಡುತ್ತಾ ಕಳೆದಳು. 1842ರಲ್ಲಿ ಉತ್ತರಕ್ಕೆ ತಪ್ಪಿಸಿಕೊಂಡಳು. 1861ರಲ್ಲಿ ತನ್ನ ಬದುಕನ್ನು ಪುಸ್ತಕವಾಗಿ ತಂದಳು. ಆದರೆ ಹೆಸರು ಬದಲಿಸಿದ್ದಳು: ತಾನು ಲಿಂಡಾ ಬ್ರೆಂಟ್, ಡಾಕ್ಟರು ಫ್ಲಿಂಟ್. ಊರಿನ ಹೆಸರೂ ಇರಲಿಲ್ಲ.

ಮುಂದಿನ ಸುಮಾರು ನೂರು ವರ್ಷ ಪಂಡಿತರು ಏನಂದರು? ಇದು ಕಾದಂಬರಿ. ಒಬ್ಬ ಗುಲಾಮ ಹೆಂಗಸು ಹೀಗೆ ಬರೆಯಲಾರಳು. ಸಂಪಾದಕಿಯಾಗಿದ್ದ ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಬರೆದಿರಬೇಕು. ಏಳು ವರ್ಷ ಸೂರಿನಲ್ಲಿ ಇರೋದು ಸಾಧ್ಯವೇ? ಘಟನೆಗಳು ತೀರಾ ನಾಟಕೀಯ. ಹೀಗಂದವರು ಗುಲಾಮಗಿರಿಯ ಪರ ಇದ್ದವರಷ್ಟೇ ಅಲ್ಲ. ಗುಲಾಮರ ಬದುಕಿನ ಬಗ್ಗೆ 1972ರಲ್ಲಿ ಮಹತ್ವದ ಪುಸ್ತಕ ಬರೆದ ಕಪ್ಪು ಚರಿತ್ರಕಾರ ಜಾನ್ ಬ್ಲಾಸಿಂಗೇಮ್ ಕೂಡ ಇದನ್ನು ನಂಬಲರ್ಹವಲ್ಲ ಅಂತಲೇ ಬಗೆದರು. ಹೆಂಗಸಿನ ಮಾತನ್ನು ನಂಬದಿರುವುದಕ್ಕೆ ಬಣ್ಣದ ಭೇದ ಬೇಕಾಗಲಿಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ಉತ್ತರ ಬಂದದ್ದು ಸಿದ್ಧಾಂತದಿಂದಲ್ಲ, ಊರಿನ ಕಾಗದಗಳಿಂದ. ಜೀನ್ ಫೇಗನ್ ಯೆಲಿನ್ ಎಂಬ ವಿಮರ್ಶಕಿ ಹ್ಯಾರಿಯೆಟ್ ತನ್ನ ಗೆಳತಿ ಏಮಿ ಪೋಸ್ಟಳಿಗೆ ಕೈಯಾರೆ ಬರೆದ ಪತ್ರಗಳನ್ನು ಪುಸ್ತಕದ ಜೊತೆ ಇಟ್ಟು ಓದಿದರು. ಆಮೇಲೆ ಪುಸ್ತಕದ ಒಂದೊಂದು ಘಟನೆಯನ್ನೂ ನಾರ್ತ್ ಕೆರೊಲಿನಾದ ದಾಖಲೆಗಳಲ್ಲಿ ಹುಡುಕಿದರು. ಒಡತಿಯ ಉಯಿಲು ಸಿಕ್ಕಿತು. ಅಜ್ಜಿಯ ಬಿಡುಗಡೆಗೆ ದಾಖಲೆ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, 1835ರಲ್ಲಿ ನಾರ್ಕಮ್ ನೆರೆರಾಜ್ಯದ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ಇತ್ತು: ಹ್ಯಾರಿಯೆಟ್ ಎಂಬ ಹುಡುಗಿ ಓಡಿಹೋಗಿದ್ದಾಳೆ, ಮೈಬಣ್ಣ ಹೀಗೆ, ಮಾತು ಹೀಗೆ, ಹಿಡಿದುಕೊಟ್ಟವರಿಗೆ 100 ಡಾಲರ್. 1981ರಲ್ಲಿ ಯೆಲಿನ್ ತಮ್ಮ ಲೇಖನ ಪ್ರಕಟಿಸಿದರು. 1987ರಲ್ಲಿ ಟಿಪ್ಪಣಿಗಳೊಂದಿಗೆ ಪುಸ್ತಕ ಮರುಮುದ್ರಣವಾಯಿತು. ಫ್ಲಿಂಟ್ ಯಾರು, ಅಜ್ಜಿ ಯಾರು, ಮನೆ ಯಾವ ಬೀದಿಯಲ್ಲಿತ್ತು, ಎಲ್ಲವೂ ಗೊತ್ತಾಯಿತು. ಈಗ ಈಡನ್‌ಟನ್ನಿನಲ್ಲಿ ಹ್ಯಾರಿಯೆಟಳ ಹೆಸರಿನ ಸರ್ಕಾರಿ ಫಲಕವಿದೆ.

ಆಕೆಯನ್ನು ಹಿಡಿದು ತರಲು ಒಡೆಯ ಹಾಕಿಸಿದ ಜಾಹೀರಾತೇ ಕೊನೆಗೆ ಆಕೆಯ ಪರವಾಗಿ ಸಾಕ್ಷಿ ಹೇಳಿತು. ಯಜಮಾನನ ಕಾಗದ ಯಜಮಾನನ ಮಾತನ್ನೇ ಆಡಬೇಕು ಅಂತ ಏನೂ ಇಲ್ಲ. ಅದನ್ನು ಯಾವ ಪ್ರಶ್ನೆ ಇಟ್ಟುಕೊಂಡು ಓದುತ್ತೇವೆ ಅನ್ನುವುದರ ಮೇಲೆ ಅದು ಏನು ಹೇಳುತ್ತದೆ ಅನ್ನುವುದು ನಿಂತಿದೆ.

ಇನ್ನೊಂದು ಉದಾಹರಣೆ. ಕ್ರಿಸ್‌ಮಸ್ ಹೊತ್ತಿನಲ್ಲಿ ಈ ಸೀಮೆಯ ಗುಲಾಮರು ಜಾನ್‌ಕನೂ ಎಂಬ ವೇಷದ ಕುಣಿತ ಮಾಡುತ್ತಿದ್ದರು. ಚಿಂದಿಬಟ್ಟೆ, ಕೊಂಬು, ಬಾಲ ಕಟ್ಟಿಕೊಂಡು, ಡೋಲು ಬಡಿಯುತ್ತಾ ಮನೆಮನೆಗೆ ಹೋಗಿ ಕಾಸು ಕೇಳುವುದು. ನಮ್ಮ ಸುಗ್ಗಿ ಕುಣಿತ, ಹಗಲುವೇಷಗಳನ್ನು ನೆನಪಿಸುವಂಥದು. ಸಾಮರ್ಸೆಟ್ಟಿನಲ್ಲಿ ಇದನ್ನು ಕಂಡ ವಾರೆನ್ ಎಂಬ ಬಿಳಿಯ ಡಾಕ್ಟರು ತನ್ನ ನೆನಪಿನ ಪುಸ್ತಕದಲ್ಲಿ ಬಣ್ಣಿಸಿದ್ದಾನೆ. ಅವನಿಗೆ ಅದು ವಿನೋದ, ವಿಚಿತ್ರ ಸಡಗರ. ಹ್ಯಾರಿಯೆಟ್ ಕೂಡ ಈಡನ್‌ಟನ್ನಿನ ಇದೇ ಕುಣಿತವನ್ನು ಬರೆದಿದ್ದಾಳೆ. ಆದರೆ ಆಕೆಗೆ ಕ್ರಿಸ್‌ಮಸ್ ಅಂದರೆ ಜನವರಿ ಒಂದರ ಹಿಂದಿನ ವಾರ. ಜನವರಿ ಒಂದು ಗುಲಾಮರನ್ನು ವರ್ಷದ ಬಾಡಿಗೆಗೆ ಕೊಡುವ ದಿನ, ತಾಯಿ ಮಕ್ಕಳು ಅಗಲುವ ದಿನ. ಕುಣಿತ ಅದೇ. ಒಬ್ಬ ಕಣ್ಣಿಗೆ ಕಂಡಷ್ಟನ್ನೇ ಬರೆದ, ಇನ್ನೊಬ್ಬಳು ಆ ಕುಣಿತದ ಮರುದಿನವೂ ಗೊತ್ತಿದ್ದು ಬರೆದಳು. ನಮ್ಮ ಜಾನಪದ ವಿದ್ವಾಂಸರು ಕೇರಿಯ ಕುಣಿತಗಳನ್ನು ಬಣ್ಣಿಸುವಾಗ ಯಾರ ಹಾಗೆ ಬರೆದಿದ್ದಾರೆ ಅನ್ನುವುದನ್ನು ದಲಿತ ವಿಮರ್ಶೆ ಕೇಳಲೇಬೇಕು.

5

ಹ್ಯಾರಿಯೆಟ್‌ಗೆ ಅಕ್ಷರವಿತ್ತು. ಅಕ್ಷರವಿಲ್ಲದ 850 ಜನರ ಮಾತೇನು? ಇಲ್ಲಿ ಡೊರೊತಿ ಸ್ಪ್ರೂಯಿಲ್ ರೆಡ್‌ಫರ್ಡ್ ಅವರ ಕೆಲಸವನ್ನು ನೋಡಬೇಕು.

ಡೊರೊತಿ ಅದೇ ಸೀಮೆಯ ಕೊಲಂಬಿಯಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ವರ್ಜೀನಿಯಾದ ಪೋರ್ಟ್ಸ್‌ಮತ್ ಪಟ್ಟಣದಲ್ಲಿ ಬೆಳೆದವರು. ಸಮಾಜ ಕಲ್ಯಾಣದ ಕಚೇರಿಯಲ್ಲಿ ನೌಕರಿ. ಚರಿತ್ರೆಯ ಪದವಿಯ ಬಲದಿಂದ ಈ ಕೆಲಸಕ್ಕೆ ಇಳಿದವರಲ್ಲ. 1977ರ ಜನವರಿಯಲ್ಲಿ ಅಲೆಕ್ಸ್ ಹೇಲಿಯ ‘ರೂಟ್ಸ್’ ಟೀವಿಯಲ್ಲಿ ಎಂಟು ರಾತ್ರಿ ಬಂತು. ಅದನ್ನು ನೋಡಿದ ಸಾವಿರಾರು ಕಪ್ಪು ಮನೆಗಳಂತೆ ಇವರ ಮನೆಯಲ್ಲೂ ‘ನಾವು ಎಲ್ಲಿಯವರು?’ ಎಂಬ ಪ್ರಶ್ನೆ ಎದ್ದಿತು. ಮುಂದಿನ ಸುಮಾರು ಹತ್ತು ವರ್ಷ ರಜೆ ಸಿಕ್ಕಾಗಲೆಲ್ಲ ಅವರು ಕೋರ್ಟು ಕಚೇರಿ, ದಾಖಲೆ ಭಂಡಾರಗಳಿಗೆ ಅಲೆದರು. ಸ್ಪ್ರೂಯಿಲ್ ಎಂಬ ಮನೆತನದ ಹೆಸರು ಬಿಳಿಯರದ್ದೂ ಹೌದು, ಕರಿಯರದ್ದೂ ಹೌದು. ಹೆಸರೊಂದೇ ದಾರಿ ತೋರಿಸುವುದಿಲ್ಲ. ಹುಡುಕುತ್ತಾ ಹೋದಂತೆ ಒಂದು ಮಾರಾಟಪತ್ರದಲ್ಲಿ ಅವರ ಪೂರ್ವಿಕರ ಹೆಸರು ಸಿಕ್ಕಿತು. ಕೊಂಡವನು ಕಾಲಿನ್ಸ್. ಅಲ್ಲಿಂದ ದಾರಿ ನೇರ ಸಾಮರ್ಸೆಟ್ಟಿಗೆ ಹೋಯಿತು.

ಆಗ ಸಾಮರ್ಸೆಟ್ ಸರ್ಕಾರದ ರಕ್ಷಿತ ಸ್ಮಾರಕ. ನೋಡಲು ಹೋದವರಿಗೆ ತೋರಿಸುತ್ತಿದ್ದುದು ಯಜಮಾನನ ದೊಡ್ಡ ಮನೆ, ಅವನ ಪೀಠೋಪಕರಣ. ಗುಲಾಮರ ಗುಡಿಸಲುಗಳು ಯಾವತ್ತೋ ನೆಲಸಮವಾಗಿದ್ದವು. ಆದರೆ ಕಾಲಿನ್ಸ್ ಮನೆತನದ ಕಾಗದಪತ್ರಗಳು ಉಳಿದಿದ್ದವು. ಅದರಲ್ಲಿ ಗುಲಾಮರ ಹೆಸರಿನ ಪಟ್ಟಿಗಳಿದ್ದವು. ಡೊರೊತಿ ತಮ್ಮೊಬ್ಬರ ವಂಶ ಸಿಕ್ಕಿತೆಂದು ನಿಲ್ಲಲಿಲ್ಲ. ಆ ಪಟ್ಟಿಯಲ್ಲಿದ್ದ ಬೇರೆ ಬೇರೆ ಕುಟುಂಬಗಳನ್ನು ಒಂದೊಂದಾಗಿ ಬಿಡಿಸಿ, 1870ರ ಗಣತಿಗೆ ತಾಳೆ ನೋಡಿ, ಬದುಕಿರುವ ಮರಿಮಕ್ಕಳ ಬಾಗಿಲವರೆಗೆ ಹೋದರು. 1986ರ ಆಗಸ್ಟ್ 30ರಂದು ಆ ಯಜಮಾನನ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಒಬ್ಬರನ್ನೊಬ್ಬರು ಅರಿಯದ ನೆಂಟರು. ಹೇಲಿಯೂ ಬಂದಿದ್ದರು. ಕಾಲಿನ್ಸ್ ಮನೆತನದ ಕುಡಿಗಳೂ ಬಂದಿದ್ದವು. 1988ರಲ್ಲಿ ಡೊರೊತಿ ಇದನ್ನೆಲ್ಲ ಪುಸ್ತಕವಾಗಿ ತಂದರು. ಮುಂದೆ ಅದೇ ಸ್ಮಾರಕದ ಮುಖ್ಯಸ್ಥರಾಗಿ 2008ರವರೆಗೆ ದುಡಿದು, ಗುಲಾಮರ ಮನೆಗಳನ್ನೂ ಅವರ ಆಸ್ಪತ್ರೆಯನ್ನೂ ಅದೇ ಜಾಗದಲ್ಲಿ ಮತ್ತೆ ಕಟ್ಟಿಸಿದರು. ಈಗ ನೋಡಲು ಹೋದವರು ದೊಡ್ಡ ಮನೆಯನ್ನಷ್ಟೇ ನೋಡಿ ಬರಲು ಆಗುವುದಿಲ್ಲ.

ಇಲ್ಲಿ ಹೇಲಿಯ ಬಗ್ಗೆ ಒಂದು ಎಚ್ಚರದ ಮಾತು ಅಗತ್ಯ. ಟೆನೆಸಿಯ ಹೆನಿಂಗ್ ಎಂಬ ಸಣ್ಣ ಊರಿನಲ್ಲಿ ಅಜ್ಜಿಯ ಮನೆಯ ಜಗುಲಿಯಲ್ಲಿ ಕೇಳಿದ ಕಥೆಗಳಿಂದ ಹೊರಟು, ಆತ ಗ್ಯಾಂಬಿಯಾದ ಜುಫುರೆ ಹಳ್ಳಿಯ ಕುಂಟ ಕಿಂಟೆಯವರೆಗೆ ಹೋದದ್ದು 1976ರ ಆ ಪುಸ್ತಕದ ಕಥನ. ಅದು ಮಾಡಿದ ಕೆಲಸ ದೊಡ್ಡದು. ಆದರೆ ಆಮೇಲೆ ವಂಶಾವಳಿ ತಜ್ಞರು ದಾಖಲೆಗಳನ್ನು ಇಟ್ಟು ಅದರ ವಂಶವೃಕ್ಷವನ್ನು ಗಂಭೀರವಾಗಿ ಪ್ರಶ್ನಿಸಿದರು. ಬೇರೊಬ್ಬ ಲೇಖಕನ ಕಾದಂಬರಿಯಿಂದ ಭಾಗಗಳನ್ನು ಎತ್ತಿದ ಬಗ್ಗೆ ನಡೆದ ಮೊಕದ್ದಮೆ 1978ರಲ್ಲಿ ರಾಜಿಯಲ್ಲಿ ಮುಗಿಯಿತು. ಮೂಲಪುರುಷನೊಬ್ಬ ಬೇಕು, ಅವನು ಸ್ವತಂತ್ರನೂ ಧೀರನೂ ಆಗಿರಬೇಕು ಎಂಬ ಹಸಿವು ಸಹಜ. ನಮ್ಮಲ್ಲೂ ‘ನಾವು ಹಿಂದೆ ರಾಜರಾಗಿದ್ದೆವು’ ಎಂಬ ಮಾತು ಸಂಘಟನೆಯ ಭಾಷಣಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಆ ಹಸಿವನ್ನು ಗೇಲಿ ಮಾಡಬೇಕಿಲ್ಲ. ಆದರೆ ಡೊರೊತಿ ತೋರಿಸಿದ ದಾರಿ ಬೇರೆ. ಆಕೆ ರಾಜರನ್ನು ಹುಡುಕಲಿಲ್ಲ. ಕಾಲುವೆ ತೋಡಿದವರನ್ನು, ಅಡಿಗೆ ಮಾಡಿದವರನ್ನು, ಬಡಗಿಗಳನ್ನು ಹುಡುಕಿದರು. ದುಡಿದವರೇ ಹಿರಿಯರು ಎನ್ನಲು ನಾಚಿಕೆಪಡಬೇಕಾಗಿಲ್ಲ ಎಂಬ ನಿಲುವು ಅದರಲ್ಲಿದೆ. ನನಗೆ ಇದು ಹೆಚ್ಚು ಗಟ್ಟಿ ನೆಲ ಅನ್ನಿಸುತ್ತದೆ.

6

ಈಗ ನಮ್ಮ ಮಾತು. ಗುಲಾಮಗಿರಿಯೂ ಅಸ್ಪೃಶ್ಯತೆಯೂ ಒಂದೇ ಅಲ್ಲ. ಅಲ್ಲಿ ಮನುಷ್ಯನಿಗೆ ಬೆಲೆ ಇತ್ತು, ಆದ್ದರಿಂದ ಲೆಕ್ಕದಲ್ಲಿ ಹೆಸರು ಉಳಿಯಿತು. ನಮ್ಮ ಕರಾವಳಿ, ಮಲಬಾರುಗಳಲ್ಲಿ ಭೂಮಿಯ ಜೊತೆ ಮಾರಾಟವಾಗುವ ಜನರಿದ್ದರು. 1800-01ರಲ್ಲಿ ಈ ಕಡೆ ಸಂಚರಿಸಿದ ಬುಕನನ್ ಅವರ ಬೆಲೆಯನ್ನೂ ಬರೆದಿಟ್ಟಿದ್ದಾನೆ. ಉತ್ತರ ಕನ್ನಡದ ಕಾಡಂಚಿನಲ್ಲಿರುವ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಹಡಗಿನಲ್ಲೇ ಬಂದವರು. ಆದರೆ ಬಯಲುಸೀಮೆಯ ಹೆಚ್ಚಿನ ಕೇರಿಗಳಲ್ಲಿ ಆಳನ್ನು ಕೊಂಡ ಕಾಗದವಿಲ್ಲ. ಹುಟ್ಟಿನಿಂದಲೇ ಬಿಟ್ಟಿ ಸಿಗುವವನಿಗೆ ಕ್ರಯಪತ್ರ ಯಾಕೆ ಬೇಕು? ನಮ್ಮ ಗೋಡೆ ಅವರದಕ್ಕಿಂತ ಎತ್ತರ ಅನ್ನುವುದು ನಿಜ.

ನಮ್ಮ ತಂದೆಯ ಊರಿನಲ್ಲಿ ಒಕ್ಕಲು ಮನೆಗಳಿಗೆ ಹೆಳವರು ಬಂದು ಏಳೆಂಟು ತಲೆಮಾರಿನ ಹೆಸರು ಹೇಳಿ ಕಾಳು ಇಸಕೊಂಡು ಹೋಗುತ್ತಾರೆ. ನಮ್ಮ ಕೇರಿಗೆ ಅವರು ಬಂದದ್ದನ್ನು ನಮ್ಮಜ್ಜಿ ಕಂಡಿಲ್ಲ. ಅಜ್ಜಿಗೆ ಮೂರು ತಲೆ ಗೊತ್ತು. ಅದರಾಚೆ ಯಾರಿದ್ರು ಅಂತ ಕೇಳಿದರೆ, “ಗೌಡ್ರ ಮನೇಲಿದ್ರು ಕಣಪ್ಪಾ” ಅನ್ನುತ್ತಾಳೆ. ಹೆಸರಿನ ಜಾಗದಲ್ಲಿ ಇನ್ನೊಬ್ಬರ ಮನೆ. 1870ರ ಗೋಡೆ ಅಂದರೆ ಇದೇ.

ಇಲ್ಲಿಂದ ನಾನು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದೆ. ನಮ್ಮ ಮುತ್ತಾತ ತೋಟಿ. ತೋಟಿ ಇನಾಮ್ತಿ ಜಮೀನಿನ ಹಳೆಯ ನಕಲಿನಲ್ಲಿ ಅವನ ಹೆಸರು ಇದೆ, ತಂದೆಯ ಹೆಸರಿನ ಜಾಗ ಖಾಲಿ. ಪಕ್ಕದ ಸರ್ವೆ ನಂಬರಿನವರಿಗೆ ತಂದೆ, ತಾತ ಇಬ್ಬರೂ ಇದ್ದಾರೆ. ಆಮೇಲೆ ಒಬ್ಬ ಹಳೇ ಶಾನುಭೋಗರ ಮೊಮ್ಮಗ ಒಂದು ದಾರಿ ಹೇಳಿಕೊಟ್ಟರು: ನಿಮ್ಮ ಪತ್ರದಲ್ಲಿ ಹುಡುಕಬೇಡಿ, ಪಕ್ಕದವರ ಪತ್ರದ ಚಕ್ಕುಬಂದಿ ನೋಡಿ. ಗೌಡರೊಬ್ಬರ ಹಳೆಯ ಕ್ರಯಪತ್ರದಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ತೋಟಿ ಇಂಥವನ ಹೊಲ ಅಂತ ಇತ್ತು. ಅಜ್ಜಿಗೆ ಗೊತ್ತಿಲ್ಲದ ಹೆಸರು ಅದು. ಬೇರೆಯವರ ಗಡಿ ಗುರುತಿಸಲಿಕ್ಕೆ ಬರೆದ ಒಂದು ಹೆಸರಿನಲ್ಲಿ ನನ್ನ ಮುತ್ತಾತನ ತಂದೆ ಉಳಿದಿದ್ದ.

ಇಂಥ ಬಿರುಕುಗಳು ಇನ್ನೂ ಇವೆ. ತೋಟಿ, ತಳವಾರ, ನೀರುಗಂಟಿ ಮುಂತಾದ ಗ್ರಾಮ ಚಾಕರಿಗಳನ್ನು ರದ್ದು ಮಾಡಿದ 1961ರ ಕಾಯ್ದೆಯಡಿ ಮರುಮಂಜೂರಾತಿಗೆ ಸಲ್ಲಿಸಿದ ಅರ್ಜಿಗಳಿವೆ. ವಾರಸುದಾರಿಕೆ ತೋರಿಸಲು ಅದಕ್ಕೆ ಲಗತ್ತಿಸಿದ ವಂಶವೃಕ್ಷಗಳಿವೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ನಂತರ ಗುರುತಿಸಿದ ಜೀತದಾಳುಗಳ ಪಟ್ಟಿಗಳಿವೆ: ಆಳಿನ ಹೆಸರು, ಧಣಿಯ ಹೆಸರು, ಸಾಲದ ಮೊತ್ತ. ಪರಭಾರೆಯಾದ ಮಂಜೂರಾತಿ ಜಮೀನನ್ನು ಬಿಡಿಸಿಕೊಡುವ 1978ರ ಕಾಯ್ದೆಯ ಮೊಕದ್ದಮೆಗಳಲ್ಲಿ ನಮ್ಮವರ ಹೇಳಿಕೆಗಳು ಅವರದೇ ಮಾತಿನಲ್ಲಿ ಸಿಗುತ್ತವೆ. ಶಾಲೆಯ ದಾಖಲಾತಿ ಪುಸ್ತಕ, ಮಿಷನ್ ಚರ್ಚುಗಳ ದೀಕ್ಷಾಸ್ನಾನದ ರಿಜಿಸ್ಟರು, ಕಾಫಿ ತೋಟಗಳ ಹಾಜರಿ ಪುಸ್ತಕ, ಕೋಲಾರದ ಚಿನ್ನದ ಗಣಿಯ ಕೂಲಿ ಕಾಗದಗಳು, ಇವನ್ನೆಲ್ಲ ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಮುಟ್ಟಿಯೇ ಇಲ್ಲ. ಹಳೆಯ ಜನಗಣತಿಗಳೂ ನಮ್ಮನ್ನು ಎಣಿಸಿದವು, ಜಾತಿಯ ಹೆಸರಿನಲ್ಲಿ, ಸಂಖ್ಯೆಯಾಗಿ. ಆದರೆ ಮೇಲೆ ಹೇಳಿದ ಕಡತಗಳಲ್ಲಿ ಹೆಸರುಗಳಿವೆ, ಅವು ಗೆದ್ದಲು ತಿನ್ನುವ ಮೊದಲು ನೋಡಬೇಕು.

ಎರಡು ಎಚ್ಚರ ಬೇಕು. ಮೊದಲನೆಯದು, ದಾಖಲೆ ಬಂದು ನೆನಪನ್ನು ಅಳಿಸಬಾರದು. ಅಮೆರಿಕದಲ್ಲಿ 1936ರಿಂದ 38ರವರೆಗೆ ಬದುಕಿದ್ದ 2,300ಕ್ಕೂ ಹೆಚ್ಚು ಮಾಜಿ ಗುಲಾಮರನ್ನು ಸರ್ಕಾರವೇ ಮಾತಾಡಿಸಿ ಬರೆಸಿತು. ಕೇಳಿದವರು ಬಹುಪಾಲು ಬಿಳಿಯರು. ಅದೇ ಊರಿನ ಬಿಳಿಯನ ಮುಂದೆ ಒಬ್ಬ ಮುದುಕ ಎಷ್ಟು ಹೇಳಿಯಾನು? ಹಾಗಾಗಿ ಆ ಸಂದರ್ಶನಗಳಲ್ಲಿ ಒಡೆಯ ಒಳ್ಳೆಯವನಿದ್ದ ಎಂಬ ಮಾತು ಬಂದಾಗ, ಕೇಳಿದವರು ಯಾರು ಅಂತ ಮೊದಲು ನೋಡುವುದನ್ನು ಅಲ್ಲಿನ ಓದುಗರು ಕಲಿತಿದ್ದಾರೆ. ಕ್ಷೇತ್ರಕಾರ್ಯಕ್ಕೆ ಕೇರಿಗೆ ಹೋಗುವ ನಮ್ಮ ಹುಡುಗರೂ ಇದನ್ನು ಕಲಿಯಬೇಕು. ಎರಡನೆಯದು, ದಾಖಲೆ ಸಿಗದಿದ್ದರೆ ಘಟನೆಯೇ ನಡೆದಿಲ್ಲ ಅನ್ನುವ ವಾದಕ್ಕೆ ಎಡೆ ಕೊಡಬಾರದು. ಯೆಲಿನ್ ಉಯಿಲು ಹುಡುಕುವ ಮೊದಲೂ ಹ್ಯಾರಿಯೆಟ್ ಹೇಳಿದ್ದು ನಿಜವೇ ಆಗಿತ್ತು. ಖಾಲಿ ಬಿಟ್ಟ ತಂದೆಯ ಕಲಮೂ ಒಂದು ದಾಖಲೆಯೇ. ಯಾರು ಅದನ್ನು ಖಾಲಿ ಬಿಟ್ಟರು ಅನ್ನುವುದೇ ಅದರ ಅರ್ಥ.

ಹಾಗಾದರೆ ದಲಿತ ವಿಮರ್ಶಕ ಏನು ಮಾಡಬೇಕು? ಆತ್ಮಕಥನ ಬಂದಾಗ ಅದರ ಭಾಷೆ, ಶೈಲಿ, ರೂಪಕಗಳ ಬಗ್ಗೆ ಬರೆಯುವುದರ ಜೊತೆಗೆ ಅದು ಹೆಸರಿಸುವ ಊರಿಗೂ ಹೋಗಬೇಕು. ಅಲ್ಲಿನ ಚಕ್ಕುಬಂದಿ, ಮೊಕದ್ದಮೆ, ಶಾಲಾ ರಿಜಿಸ್ಟರು ಓದಬೇಕು. ಪುಸ್ತಕವನ್ನು ನಂಬದವರಿಗೆ ಪ್ರಮಾಣಪತ್ರ ಕೊಡಲಿಕ್ಕೆ ಅಲ್ಲ. ಊರಿನ ಚರಿತ್ರೆ ಅಂತ ಯಾವುದನ್ನು ಕರೆಯಬೇಕು ಎನ್ನುವ ತೀರ್ಮಾನವನ್ನು ಸಹಿ ಹಾಕಬಲ್ಲವರ ಕೈಯಲ್ಲಿ ಬಿಟ್ಟಿರಬಾರದು ಎನ್ನುವುದಕ್ಕೆ. ಡೊರೊತಿ ಒಬ್ಬರೇ, ನೌಕರಿಯ ರಜೆಗಳಲ್ಲಿ, ಎರಡು ಸಾವಿರ ಜನರನ್ನು ಒಂದು ಅಂಗಳಕ್ಕೆ ಕರೆತಂದರು. ನಮ್ಮ ಕಾಲೇಜುಗಳಲ್ಲಿ ಕೇರಿಯಿಂದ ಬಂದ ಹುಡುಗ ಹುಡುಗಿಯರು ಸಾವಿರಾರಿದ್ದಾರೆ. ಒಬ್ಬೊಬ್ಬರು ತಮ್ಮ ತಮ್ಮ ಊರಿನ ಒಂದು ಸರ್ವೆ ನಂಬರಿನ ಕಥೆ ಬರೆದರೂ ಸಾಕು, ಕೆಲಸ ಶುರುವಾದಂತೆ. ಅಜ್ಜಿಯರು ಇರುವಾಗಲೇ ಅದನ್ನು ಶುರು ಮಾಡಬೇಕು. ಯಾಕೆಂದರೆ ಕಡತದಲ್ಲಿ ಹೆಸರು ಸಿಕ್ಕಾಗ ಅದು ನಮ್ಮವರದ್ದು ಹೌದಾ ಅಲ್ಲವಾ ಅಂತ ಹೇಳಬಲ್ಲವರು ಅವರೊಬ್ಬರೇ.